ಮುಖಕ್ಕೋ, ಬಾಯಿಗೋ?

ನಮ್ಮ ಮನೆಗೆ ತರುವ ಹಣ್ಣು ತರಕಾರಿಯಲ್ಲಿ ಅರ್ಧಪಾಲು ಹೊಟ್ಟೆ ಸೇರುವುದಿಲ್ಲ, ಮುಖ ಸೇರುತ್ತದೆ. ಪಪ್ಪಾಯಿ ಹೆಚ್ಚಿದರೆ ಎರಡು ಹೋಳು ಯಾರದೋ ಹಣೆಗೆ. ಕೋಸಂಬರಿಗೆಂದು ತಂದ ಸೌತೆಕಾಯಿ ಕಣ್ಣಿನ ಮೇಲೆ. ಒಂದು ಮಳೆಯ ಸಂಜೆ ಕಡಲೆಹಿಟ್ಟು ಕಲಸಿಟ್ಟಿದ್ದು ಕಂಡ ಅಪ್ಪ, ಖುಷಿಯಿಂದ ಈರುಳ್ಳಿ ಹೆಚ್ಚಿಕೊಂಡು ಬಜ್ಜಿಗೆ ಕಾದೇ ಕಾದರು. ಹಿಟ್ಟು ಅಷ್ಟರಲ್ಲಾಗಲೇ ತಂಗಿಯ ಕೆನ್ನೆಯ ಮೇಲೆ ಒಣಗುತ್ತಿತ್ತು.

ಕಾಂತಿ ಒಳಗಿನಿಂದಲೇ ಬರಬೇಕು ಅನ್ನುವ ಪಂಥವೂ ಒಂದಿದೆ. ಸಾಗರದ ನಮ್ಮ ಚಿಕ್ಕಪ್ಪ ಅದರ ಮಠಾಧಿಪತಿ. ಮಗನ ಮದುವೆ ನಿಶ್ಚಯವಾದದ್ದೇ ತಡ, ಬೆಳಿಗ್ಗೆ ದೊಡ್ಡ ಲೋಟದ ತುಂಬ ಕ್ಯಾರೆಟ್ ರಸ, ಮಧ್ಯಾಹ್ನ ಕ್ಯಾರೆಟ್ ಪಲ್ಯ, ಸಂಜೆ ಜಗಲಿಯಲ್ಲಿ ಕೂತು ಹಸಿಯದನ್ನೇ ಕಟಕಟ ಕಡಿಯುವುದು. ಬರಬರುತ್ತಾ ಅಂಗೈ, ಅಂಗಾಲು, ಮೂಗಿನ ಅಕ್ಕಪಕ್ಕ ಎಲ್ಲ ಹಳದಿ! ಚಿಕ್ಕಮ್ಮ ಕಾಮಾಲೆಯೆಂದು ತೀರ್ಮಾನಿಸಿ, ಎಣ್ಣೆ ಒಗ್ಗರಣೆ ನಿಲ್ಲಿಸಿ, ನೆಲನೆಲ್ಲಿ ಅರೆದು ಕುಡಿಸತೊಡಗಿದರು. ನೋಡಲು ಬಂದವರೆಲ್ಲ ತಲೆಗೊಂದು ಹಳ್ಳಿಮದ್ದು ಹೇಳಿ ಕಾಫಿ ಕುಡಿದು ಹೋದರು. ಪಥ್ಯದಲ್ಲಿ ಸಾರಿಲ್ಲ, ಹುಳಿಯಿಲ್ಲ. ಕ್ಯಾರೆಟ್ ರಸಕ್ಕೆ ಮಾತ್ರ ‘ರೋಗಿಗೆ ಒಳ್ಳೆಯದು’ ಎಂದು ಬಡ್ತಿ.

ಡಾಕ್ಟರು ರೆಪ್ಪೆ ಎಳೆದು ನೋಡಿದರು. ಕಣ್ಣು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಕಾಮಾಲೆಯಾದರೆ ಮೊದಲು ಹಳದಿಯಾಗುವುದೇ ಕಣ್ಣು. “ಕ್ಯಾರೆಟ್ ಎಷ್ಟು ತಿಂತೀರಿ, ಭಟ್ರೇ?” ಎಂದರಂತೆ. ಅದರ ಕ್ಯಾರೊಟಿನ್ ಎಂಬ ಬಣ್ಣ ಮಿತಿ ಮೀರಿದರೆ ಚರ್ಮದಲ್ಲೇ ಬೀಡು ಬಿಡುತ್ತದೆ. ಅಪಾಯವೇನಿಲ್ಲ, ತಿನ್ನುವುದು ನಿಲ್ಲಿಸಿದರೆ ನಿಧಾನವಾಗಿ ಹೋಗುತ್ತದೆ. ಎಷ್ಟು ನಿಧಾನವೆಂದರೆ, ಮದುವೆಯ ಫೋಟೊಗಳಲ್ಲಿ ಅರಿಸಿನ ಹಚ್ಚಿಸಿಕೊಂಡ ಮಗನಿಗಿಂತ ಅಪ್ಪನೇ ಹೆಚ್ಚು ಹಳದಿ.

ತಂಗಿ ಮೊನ್ನೆ ಕೊರಿಯಾದ ಕ್ರೀಮೊಂದನ್ನು ತರಿಸಿದಳು. ಅದರಲ್ಲಿ ಸೆಂಟೆಲ್ಲಾ ಏಷಿಯಾಟಿಕಾ ಇದೆಯೆಂದು ಊರಿಗೆಲ್ಲ ಹೇಳಿದ್ದೇ ಹೇಳಿದ್ದು. ಯಾವ ದೇವಲೋಕದ ಬಳ್ಳಿಯೋ ಎಂದು ನೋಡಿದರೆ, ಊರಲ್ಲಿ ಬಚ್ಚಲ ನೀರು ಹರಿಯುವಲ್ಲಿ ತಾನೇ ಹಬ್ಬುವ ಒಂದೆಲಗ! ಅಮ್ಮ ಅದಕ್ಕೆ ಜೀರಿಗೆ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರೆ ಈ ಹುಡುಗಿ ಮೂಗು ಮುರಿಯುತ್ತಿದ್ದವಳು. ಕ್ರೀಮಿನ ಬೆಲೆ ಕೇಳಿದ ಅಮ್ಮ ಮರುದಿನದಿಂದ ಬಚ್ಚಲ ಹಿಂದಿನ ಜಾಗಕ್ಕೆ ಬೇಲಿ ಹಾಕಿಸುವ ಮಾತಾಡುತ್ತಿದ್ದಾರೆ.

ಕೊಲಾಜನ್ ಪುಡಿಯೂ ಮನೆಗೆ ಬಂದಿದೆ. ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನು ಅದು, ನಿಜ. ಆದರೆ ಜಠರಕ್ಕೆ ಬ್ರಾಂಡಿನ ಮೇಲೆ ಗೌರವವಿಲ್ಲ. ತೊವ್ವೆಯನ್ನು ಒಡೆಯುವ ಹಾಗೆ ಅದನ್ನೂ ಚೂರು ಮಾಡುತ್ತದೆ. ಕೊಲಾಜನ್ನನ್ನು ಕಟ್ಟುವ ಕೆಲಸ ದೇಹದ್ದೇ, ಅದಕ್ಕೆ ಸಿ ಜೀವಸತ್ವ ಬೇಕೇ ಬೇಕು. ಅದಿಲ್ಲದೆ ಹಿಂದೆ ನಾವಿಕರಿಗೆ ಸ್ಕರ್ವಿ ಹಿಡಿದು ಒಸಡು ಒಸರುತ್ತಿತ್ತು, ಮಾಗಿದ ಗಾಯವೂ ಬಾಯಿ ಬಿಡುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಅಂಥವರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ. ತಿನ್ನಲಿಕ್ಕೇ ಕೊಟ್ಟಿದ್ದು, ಕೆನ್ನೆಗೆ ಉಜ್ಜಲಿಕ್ಕಲ್ಲ.

ಮೊಡವೆಯ ವಿಷಯದಲ್ಲಿ ನಮ್ಮಜ್ಜಿ ಬೈಯುತ್ತಿದ್ದುದು ಕರಿದ ತಿಂಡಿಯನ್ನು. ಈಗಿನ ಚರ್ಮವೈದ್ಯರಿಗೆ ಹೆಚ್ಚು ಅನುಮಾನ ಸಕ್ಕರೆ, ಮೈದಾಗಳ ಮೇಲೆ: ರಕ್ತದಲ್ಲಿ ಸಕ್ಕರೆ ಏರಿದರೆ ಇನ್ಸುಲಿನ್ ಏರುತ್ತದೆ, ಅದು ಚರ್ಮದ ಎಣ್ಣೆಗ್ರಂಥಿಗಳನ್ನು ಕೆಣಕುತ್ತದೆ. ಹಾಗಾಗಿ ಅಪರಾಧಿ ಬಾಣಲೆಗಿಂತ ಬೇಕರಿಯೇ ಇರಬಹುದು. ಬನ್ನು, ಕೇಕು, ಮೂರು ಚಮಚ ಸಕ್ಕರೆಯ ಕಾಫಿ ಇವನ್ನು ಬಿಡಿ ಎಂದರೆ ತಂಗಿ ಕ್ರೀಮಿನ ಡಬ್ಬಿ ತೆಗೆಯುತ್ತಾಳೆ. ಹಚ್ಚಿಕೊಳ್ಳುವುದು ಸುಲಭ, ಬಿಡುವುದು ಕಷ್ಟ.

ನಿಮಗೂ ಚರ್ಮದ ಚಿಂತೆಯಿದ್ದರೆ ಬಸ್‌ಸ್ಟ್ಯಾಂಡಿನ ಎದುರು ಸೀಬೆಹಣ್ಣಿನ ಗಾಡಿ ನಿಂತಿರುತ್ತದೆ, ಹೋಗಿ. ತೂಕಕ್ಕೆ ತೂಕ ಹಾಕಿದರೆ ಕಿತ್ತಳೆಯ ಮೂರು ನಾಲ್ಕು ಪಟ್ಟು ಸಿ ಜೀವಸತ್ವವನ್ನು ಅವನು ಉಪ್ಪುಖಾರ ಸವರಿ ಕೈಗೆ ಕೊಡುತ್ತಾನೆ. ಸಿಪ್ಪೆ ಮಾತ್ರ ತೆಗೆಸಬೇಡಿ.