ಮಾತ್ರೆ ಬಿದ್ದ ನೀರು ತೊಳೆಯುವ ಪುಡಿ: ಬಳಸುವ ಕ್ರಮ

ಅಭಿನಂದನೆಗಳು. ನೀವೀಗ ಒಂದು ಡಬ್ಬಿ ಕರಿ ಪುಡಿಯ ಮಾಲೀಕರು. ಡಬ್ಬಿಯಲ್ಲಿ ಬೇರೇನೂ ಇಲ್ಲ, ತಡಕಬೇಡಿ. ಬಿಸಿಲನ್ನು ನೀವೇ ಹೊಂದಿಸಿಕೊಳ್ಳಬೇಕು.

ಪುಡಿಯಲ್ಲಿರುವುದು ತೆಂಗಿನ ಕರಟದ ಹದಗೊಳಿಸಿದ ಇದ್ದಿಲು, ಅದರ ಮೈಗೆ ಅಂಟಿಸಿದ ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿನಲ್ಲಿರುವುದೇ. ಇಂಥ ಇದ್ದಿಲಿನ ಒಂದು ಗ್ರಾಮಿನ ಒಳಮೈ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ಆದೀತು. ಬಿಡಿಸಲು ಹೋಗಬೇಡಿ, ವಾರಂಟಿ ಹೋಗುತ್ತದೆ. ಇದ್ದಿಲು ಔಷಧದ ಅಣುಗಳನ್ನು ಹಿಡಿದುಕೊಡುತ್ತದೆ. ಬೆಳಕು ತಾಗಿದ ಟೈಟಾನಿಯಂ ಡೈಆಕ್ಸೈಡ್ ನೀರಿನಿಂದಲೇ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಮುಂಗೋಪಿ ಕಣಗಳನ್ನು ಹುಟ್ಟಿಸಿ, ಹಿಡಿದದ್ದನ್ನು ಚೂರು ಮಾಡುತ್ತದೆ.

ಯಾವ ನೀರಿಗೆ? ಔಷಧ ಬೆರೆತ ನೀರಿಗೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆಯನ್ನು ಸಂಸ್ಕರಿಸಿ ಹೊರಬಿಟ್ಟ ನೀರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಸಿಕ್ಕಿತೆಂದು 2007ರಲ್ಲಿ ವರದಿಯಾಯಿತು. ಅದನ್ನು ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ.

ಪುಡಿ ಹಾಕಿದೊಡನೆ ಬಿಸಿಲಿಗಿಡಬೇಡಿ. ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕುತ್ತಿರಿ. ಇದು ಶಾಸ್ತ್ರಕ್ಕಲ್ಲ. ಇದ್ದಿಲು ಕತ್ತಲಲ್ಲೂ ಔಷಧ ನುಂಗುತ್ತದೆ. ಅದು ನುಂಗುವಷ್ಟು ನುಂಗಿ ಸುಮ್ಮನಾಗುವ ಮೊದಲೇ ಬಿಸಿಲಿಗಿಟ್ಟರೆ, ಮಾಯವಾದದ್ದೆಲ್ಲ ಸೂರ್ಯನ ಲೆಕ್ಕಕ್ಕೆ ಹೋಗುತ್ತದೆ. ಕಸವನ್ನು ಮಂಚದಡಿ ತಳ್ಳಿ ಮನೆ ಗುಡಿಸಿದೆ ಎಂದಂತೆ. ಸಂಶೋಧನಾ ಲೇಖನಗಳ ಅಂದವಾದ ಎಷ್ಟೋ ಗ್ರಾಫುಗಳ ಮಂಚದಡಿ ಬಗ್ಗಿ ನೋಡಬೇಕೆಂದು ನನಗೆ ಆಸೆ.

ಈಗ ಬಿಸಿಲಿಗಿಡಿ. ಆದರೆ ಟೈಟಾನಿಯಂ ಡೈಆಕ್ಸೈಡಿಗೆ ಬೇಕಾದದ್ದು ಅತಿನೇರಳೆ ಕಿರಣ ಮಾತ್ರ. ಬಿಸಿಲಿನಲ್ಲಿ ಅದಿರುವುದು ನೂರಕ್ಕೆ ನಾಲ್ಕೈದು ಪಾಲು. ಹಬ್ಬದೂಟಕ್ಕೆ ಕರೆದರೆ ಉಪ್ಪಿನಕಾಯಿ ನೆಕ್ಕಿ ಎದ್ದುಹೋಗುವ ನೆಂಟ. ಇದೇ ಕೆಲಸ ಮಾಡುವ, ಹಳದಿ ಬಣ್ಣದ ಕಾರ್ಬನ್ ನೈಟ್ರೈಡ್‌ಗೆ ಕಣ್ಣಿಗೆ ಕಾಣುವ ನೀಲಿ ಬೆಳಕೂ ರುಚಿಸುತ್ತದೆ. ಅದು ಬೇರೆ ಡಬ್ಬಿ.

ಕೆಲಸ ಮಾಡುತ್ತಿಲ್ಲವೇ? ಬೋರ್‌ವೆಲ್ ನೀರು ಹಾಕಿರುತ್ತೀರಿ. ಅದರ ಬೈಕಾರ್ಬನೇಟ್ ರ‍್ಯಾಡಿಕಲ್‌ಗಳನ್ನು ನಡುದಾರಿಯಲ್ಲೇ ತಿಂದುಹಾಕುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಹುಲಿ, ಬೋರ್‌ವೆಲ್ ನೀರಿನಲ್ಲಿ ಇಲಿ. ಔಷಧ ಕಾಣೆಯಾದರೂ ಹಿಗ್ಗಬೇಡಿ. ಒಡೆದ ಚೂರುಗಳು ಇನ್ನೂ ನೀರಲ್ಲಿರಬಹುದು, ಕೆಲವು ಮೂಲಕ್ಕಿಂತ ಕೆಟ್ಟವು. ಅವು ಕಾರ್ಬನ್ ಡೈಆಕ್ಸೈಡ್ ಆಗಿ ಹೋದವೇ ಎಂದು ಅಳೆದು ನೋಡುವವರೆಗೆ ಆ ನೀರು ಕುಡಿಯಬೇಡಿ, ಎಮ್ಮೆಗೂ ಕುಡಿಸಬೇಡಿ.

ಕೊನೆಗೆ ಪುಡಿ ವಾಪಸು ತೆಗೆಯಿರಿ. ಬರೀ ಟೈಟಾನಿಯಂ ಡೈಆಕ್ಸೈಡ್ ಆಗಿದ್ದರೆ ಪಂಚೆಯಲ್ಲಿ ಸೋಸಿದರೂ ನುಸುಳಿ ಹೋಗುತ್ತಿತ್ತು. ಇದ್ದಿಲಿನ ಕಾಳಿಗೆ ಅಂಟಿರುವುದರಿಂದ ತಳಕ್ಕೆ ಕೂರುತ್ತದೆ. ತೊಳೆದು, ಒಣಗಿಸಿ, ಮತ್ತೆ ಬಳಸಿ. ಪ್ರತಿ ಸಲವೂ ಕಸುವು ಕೊಂಚ ಇಳಿಯಬಹುದು. ಆಷಾಢದ ಮೋಡದಲ್ಲಿ ಬಂದ ದೂರುಗಳನ್ನು ಸ್ವೀಕರಿಸುವುದಿಲ್ಲ.