ಬೀಳಲಿ, ಆಮೇಲೆ ನೋಡೋಣ

(ಬೇಡಕಿಹಾಳದ ಒಂದು ಚಹಾ ಅಂಗಡಿ. ತಪಾಸಣೆಯ ಸಾಹೇಬರು ಕಚೇರಿಯಲ್ಲಿ ಸಿಗುವುದಿಲ್ಲ, ಇಲ್ಲಿ ತಪ್ಪಿಸಿಕೊಳ್ಳುವುದಿಲ್ಲ.)

ಕಾಕಾ: ಸಾಹೇಬ್ರ, ಪಡಸಾಲಿ ಗ್ವಾಡಿ ಬಿರುಕು ಬಿಟ್ಟೈತ್ರಿ. ನೋಡಾಕ ಬರ್ರಿ ಅಂತ ಅರ್ಜಿ ಕೊಟ್ಟಿದ್ದೆ.

ಸಾಹೇಬ: ನೋಡೀನಲ್ರಿ!

ಕಾಕಾ: ಗ್ವಾಡೀನ?

ಸಾಹೇಬ: ಅರ್ಜೀನ. ಅದರಾಗ ಒಂದೂ ಬಿರುಕಿಲ್ಲ.

ಕಾಕಾ: 2019ರ ಮಾರ್ಚ್‌ದಾಗ ಧಾರವಾಡದ ಕುಮಾರೇಶ್ವರ ನಗರದಾಗ ಕಟ್ಟಡ ಕುಸದು 19 ಮಂದಿ ಸತ್ರಲ್ರಿ...

ಸಾಹೇಬ: ಅದು ಇನ್ನೂ ಕಟ್ಟಾಕ ಹತ್ತಿದ್ದು. ನಿಮ್ಮದು ಹಳೇದು, ಅದಕ್ಕ ನಿಂತು ರೂಢಿ ಐತಿ.

ಕಾಕಾ: ಅದ ವರ್ಷ ಆಗಸ್ಟ್‌ದಾಗ ದೂಧಗಂಗಾ ಉಕ್ಕಿ ಮನಿ ಬಿದ್ದಾಗ ಎ, ಬಿ, ಸಿ ಅಂತ ದರ್ಜೆ ಬರಿಯಾಕ ಮಂದಿ ಬಂದಿದ್ರಲ್ಲ?

ಸಾಹೇಬ: ಬಿದ್ದ ಮನಿಗೆ ಫಾರ್ಮ್ ಐತ್ರಿ. ಆಗ ಪೂರಾ ಬಿದ್ದದ್ದಕ್ಕ 5 ಲಕ್ಷ, ಸ್ವಲ್ಪ ಬಿದ್ದದ್ದಕ್ಕ 50 ಸಾವಿರ ಇತ್ತು. ನಿಂತ ಮನಿಗೆ ಕಾಲಂ ಎಲ್ಲೈತಿ?

ಕಾಕಾ: ಹಂಗಾರ ನಾ ಏನ್ ಮಾಡ್ಲಿ?

ಸಾಹೇಬ: ಬಿರುಕಿಗೆ ಸುಣ್ಣ ಹಚ್ಚಿ ಫೋಟೋ ಕಳಸ್ರಿ. ತಪಾಸಣಿ ಮುಗೀತಂತ ಬರೀತೀನಿ.

ಕಾಕಾ: ಸುಣ್ಣದ ರೊಕ್ಕ?

ಸಾಹೇಬ: ಅದಕ್ಕ ಬ್ಯಾರೆ ಅರ್ಜಿ ಬರೀರಿ. ಆ ಗ್ವಾಡಿಗೆ ಆನಕೊಂಡು ಕುಂತು ಬರೀಬ್ಯಾಡ್ರಿ ಮತ್ತ!