ಐದು ರೂಪಾಯಿ ಶೇರು

ಐದು ರೂಪಾಯಿಗೆ ಈಗ ಒಂದು ಹಿಡಿ ಕರಿಬೇವೂ ಬರಲ್ಲ ಮೇಷ್ಟ್ರೇ, ಆದರೆ ಒಂದು ಕಂಪನಿಗೆ ಪಾಲುದಾರ ಆಗಬಹುದು. ತಮಾಷೆ ಅಲ್ವಾ? ಹತ್ತು ಸಾವಿರ ಹಾಕಿದರೆ ಎರಡು ಸಾವಿರ ಶೇರು! ಅದೇ ದುಡ್ಡಿಗೆ ದೊಡ್ಡ ಕಂಪನಿಯದು ನಾಲ್ಕೋ ಐದೋ ಬಂದರೆ ಮನಸ್ಸಿಗೇನೋ ಕೊರತೆ. ನಿಮ್ಮ ಷಡ್ಡಕರ ಮಗ ಟೆಲಿಗ್ರಾಂನಲ್ಲಿ ಆ ಐದು ರೂಪಾಯಿ ಶೇರಿನ ಹೆಸರು ಕಳಿಸಿದಾಗಿನಿಂದ ನೀವು ಇದೇ ಗುಣಾಕಾರದಲ್ಲಿದ್ದೀರಿ. ಗಿಡಕ್ಕೆ ನೀರು ಬಿಟ್ಟು ಮೊಬೈಲ್ ನೋಡ್ತಾ ನಿಂತರೆ ನೀರು ನಮ್ಮ ಕಾಂಪೌಂಡಿಗೆ ಹರಿಯುತ್ತೆ, ಅದು ಬೇರೆ ವಿಷಯ.

ಸುಜ್ಲಾನ್ ಬೆಳೀಲಿಲ್ವಾ ಅಂತೀರಿ. ಬೆಳೀತು, ಯಾರು ಇಲ್ಲ ಅಂದರು? 2020ರಲ್ಲಿ ಎರಡು ರೂಪಾಯಿ ಆಸುಪಾಸಿಗೆ ಬಿದ್ದದ್ದು 2024ರಲ್ಲಿ ಎಂಬತ್ತು ದಾಟಿತು. ಆದರೆ ಅವರದು ಗಾಳಿಯಂತ್ರದ ಕಸುಬು, ನಮ್ಮ ಪಡುಬಿದ್ರಿಯಲ್ಲೇ ಕಾರ್ಖಾನೆ ಕಟ್ಟಿದ್ದಾರೆ. ಒಮ್ಮೆ ಚಿತ್ರದುರ್ಗದ ಹತ್ತಿರ ಗಾಳಿಯಂತ್ರದ ರೆಕ್ಕೆ ಹೊತ್ತ ಲಾರಿ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು, ಯಾರ ಕಂಪನಿಯದೋ ಏನೋ. ಹಿಂದೆ ನಮ್ಮ ಬಸ್ಸು. ಕಂಡಕ್ಟರು ಇಳಿದು ಬೀಡಿ ಹಚ್ಚಿದ. ಪಕ್ಕದ ಸೀಟಿನ ಅಜ್ಜಿ ಮೊಮ್ಮಗಳಿಗೆ ಅಂತ ಒಯ್ಯುತ್ತಿದ್ದ ಚಕ್ಕುಲಿ ಡಬ್ಬಿಯನ್ನು ಬಸ್ಸಿಗೆಲ್ಲ ಹಂಚಿ ಖಾಲಿ ಮಾಡಿದರು. ಎಲ್ಲಿದ್ದೆ? ಹಾಂ, ಆ ಕಸುಬಲ್ಲಿ ಕಣ್ಣಿಗೆ ಕಾಣೋ ಮಾಲಾದರೂ ಇದೆ. ಇನ್ನೊಂದು, 2005ರ ಐಪಿಓದಲ್ಲಿ 510ಕ್ಕೆ ಸುಜ್ಲಾನ್ ತಗೊಂಡವರ ಸುದ್ದಿ ಯಾರೂ ಎತ್ತಲ್ಲ ನೋಡಿ. ಆಮೇಲೆ ಒಂದು ಶೇರು ಐದಾಯಿತು, ಆದರೂ ಒಂದಕ್ಕೆ ಬಿದ್ದ ಅಸಲು 102. ಎಂಬತ್ತರ ಸಂಭ್ರಮದ ದಿನವೂ ಅವರ ಅಸಲು ಹುಟ್ಟಿರಲಿಲ್ಲ!

ಎಲ್ಸಿಡ್ ಅನ್ನೋ ಕಂಪನಿಯ ಕಥೆ ಇನ್ನೂ ಮಜಾ. 2024ರ ಅಕ್ಟೋಬರ್ 29ರಂದು ಮೂರೂವರೆ ರೂಪಾಯಿ ಶೇರು ಒಂದೇ ದಿನದಲ್ಲಿ 2,36,250 ಆಯಿತಲ್ಲ, ಎಲ್ಲರೂ 'ನನ್ನ ಹತ್ರ ಹತ್ತು ಇದ್ದಿದ್ರೆ' ಅನ್ನೋರೇ. ಹತ್ತು ಸಿಗೋದಾದರೂ ಎಲ್ಲಿ? ಕಂಪನಿಯ ಕೈಯಲ್ಲಿ ಸಾವಿರಾರು ಕೋಟಿಯ ಏಷ್ಯನ್ ಪೇಂಟ್ಸ್ ಶೇರು. ಅದು ಗೊತ್ತಿದ್ದವರು ಮೂರೂವರೆಗೆ ಮಾರ್ತಾರಾ? ವಿಶೇಷ ಹರಾಜು ಕರೆದ ಮೇಲೇ ನಿಜವಾದ ದರ ಹೊರಬಿದ್ದದ್ದು. ಅಲ್ಲೀತನಕ ಬೋರ್ಡಿನ ಮೇಲೆ ರೇಟಿತ್ತು, ಮಾರೋನಿರಲಿಲ್ಲ.

ನಿಮ್ಮದು ಅದಕ್ಕೆ ತದ್ವಿರುದ್ಧ ಮೇಷ್ಟ್ರೇ. ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ದಿನದ ಮಿತಿಯಷ್ಟೂ ಏರಿತು, ಅಂತ ಹಿಗ್ಗುತ್ತಿದ್ದೀರಿ. ಐದೈದು ಪರ್ಸೆಂಟಿನ ಲೋಯರ್ ಸರ್ಕ್ಯೂಟ್ ಹಿಡಿದರೆ ಹತ್ತೇ ದಿನಕ್ಕೆ ನೂರು ಇದ್ದದ್ದು ಅರವತ್ತಕ್ಕೆ ಇಳಿಯುತ್ತೆ. ಅದೂ ಹೋಗಲಿ, ಬೆಳಿಗ್ಗೆ ಒಂಬತ್ತಕ್ಕೇ ಮಾರೋಕೆ ಆರ್ಡರ್ ಹಾಕಿ ಕೂತರೂ ಸಂಜೆವರೆಗೆ ಕೊಳ್ಳೋನೊಬ್ಬ ಬರಬೇಕಲ್ಲ? 2023ರ ಮಾರ್ಚಲ್ಲಿ ಸೆಬಿ ಹೊರಡಿಸಿದ ಸಾಧನಾ ಬ್ರಾಡ್‌ಕಾಸ್ಟ್ ಆದೇಶದಲ್ಲಿ ಇಂಥ ಏರಿಕೆಯ ಒಳಗುಟ್ಟು ಬರೆದಿದ್ದಾರೆ: ಅದಾನಿಯವರು ಕಂಪನಿ ಕೊಳ್ತಾರಂತೆ ಅಂತ ಯೂಟ್ಯೂಬಲ್ಲಿ ಪುಕಾರು ಎಬ್ಬಿಸಿದ್ದು, ಜನ ಮುಗಿಬಿದ್ದಾಗ ಒಳಗಿನವರು ತಮ್ಮ ಶೇರು ದಾಟಿಸಿದ್ದು. ಟೆಲಿಗ್ರಾಂ ಹುಡುಗರೂ ಪುಕ್ಕಟೆ ಪರೋಪಕಾರಕ್ಕೆ ಹೊರಟಿರಲಾರರು, ಅಲ್ವಾ?

ಆಸೆ ತಡೆಯಲಾಗದಿದ್ದರೆ ಹತ್ತು ಸಾವಿರ ಹಾಕಿ, ಹೋದರೂ ನಿದ್ದೆ ಬರುತ್ತೆ. ಹಾಕೋಕೆ ಮುಂಚೆ ಬಿಎಸ್‌ಇ ಸೈಟಲ್ಲಿ ಪ್ರವರ್ತಕರ ಪಾಲೆಷ್ಟು, ಅದರಲ್ಲಿ ಅಡವಿಟ್ಟದ್ದೆಷ್ಟು ನೋಡಿ. ಇದಕ್ಕೆಂದು ನಿಮ್ಮ ಪೋಸ್ಟಾಫೀಸಿನ ಸೀನಿಯರ್ ಸಿಟಿಜನ್ ಖಾತೆ ಮಾತ್ರ ಮುರಿಸಬೇಡಿ ಮಾರಾಯ್ರೇ.